ಗುರುವಾರದ ಪೆನ್ಸಿಲ್ ಗುರುತು

ರೈಲ್ವೆಯಲ್ಲಿ ಗಾರ್ಡ್ ಆಗಿದ್ದಾಗ ಸಿಕಂದರಾಬಾದಿನಿಂದ ವಾಡಿಯವರೆಗೆ ನಾನು ಬೇಸ್ತು ಬೀಳಿಸದ ಸ್ಟೇಷನ್ ಮಾಸ್ತರ ಒಬ್ಬನೂ ಉಳಿದಿರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ, ಎಪ್ಪತ್ತನೆಯ ವಯಸ್ಸಿನಲ್ಲಿ, ಪ್ರೀತಿಸುವ ಹೆಂಗಸೊಬ್ಬಳನ್ನೂ ಗಳಿಸಿದೆ. ಅದೂ ಇನ್ನೊಬ್ಬನ ಜೊತೆ ಹಂಚಿಕೊಂಡು. ಮಲ್ಕಾಜ್‌ಗಿರಿಯ ನಮ್ಮ ಪಿಂಚಣಿದಾರರ ಕಟ್ಟೆಯಲ್ಲಿ ಇಂಥ ಗುಂಡಿಗೆ ಇನ್ಯಾರಿಗಿತ್ತು?

ಆಕೆ ಸಿಕಂದರಾಬಾದಿನಲ್ಲಿ ಒಂಟಿಯಾಗಿದ್ದ ನಿವೃತ್ತ ಟೀಚರು, ನಮ್ಮ ಕಲಬುರಗಿ ಕಡೆಯವಳೇ. ಆ ಇನ್ನೊಬ್ಬ ಉಪ್ಪಲ್‌ನಲ್ಲಿದ್ದ ನಮ್ಮ ಕಡೆಯವನೇ, ಮದುವೆಯಾಗದ ಮೆದು ಮನುಷ್ಯ. ಮೊದಲ ದಿನವೇ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದ್ದಳು: "ನನಗ ಇಬ್ರೂ ಬೇಕು. ಕದ್ದು ಮುಚ್ಚಿ ಇರೂದು ನನ್ನ ಕೈಲೆ ಆಗಂಗಿಲ್ಲ. ಒಪ್ಪಿಗಿ ಇದ್ರ ಬರ್ರಿ, ಇಲ್ಲಾಂದ್ರ ಚಹಾ ಕುಡದು ಹೋಗ್ರಿ."

ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬೇರೆಯವರು ಹಾಲಿನ ಲೆಕ್ಕ ಗುರುತು ಹಾಕುವ ಚೌಕಗಳಲ್ಲಿ ಆಕೆ ಪೆನ್ಸಿಲಿನಿಂದ 'ಉ', 'ಮ' ಎಂದು ಬರೆಯುತ್ತಿದ್ದಳು. ಅವನ ಉಪ್ಪಲ್, ನನ್ನ ಮಲ್ಕಾಜ್‌ಗಿರಿ. ಒಬ್ಬನ ದಿನ ಇನ್ನೊಬ್ಬನ ಫೋನು ಎತ್ತುವಂತಿಲ್ಲ. ತಿಂಗಳ ಮೊದಲ ಶನಿವಾರ ಇರಾನಿ ಹೋಟೆಲಿನಲ್ಲಿ ಮೂವರೂ ಕೂತು, ಮನಸ್ಸಿಗೆ ನೋವಾದದ್ದನ್ನು ಬಾಯಿಬಿಟ್ಟು ಹೇಳಬೇಕು.

ನಾನು ಹೊಟ್ಟೆಕಿಚ್ಚನ್ನು ಗೆಲ್ಲಲು ಹೊರಟೆ. ಪಾರ್ಕಿನಲ್ಲಿ ಪ್ರಾಣಾಯಾಮ ಮಾಡಿದೆ. ದಿನಾ ಬೆಳಿಗ್ಗೆ ನೋಟ್‌ಬುಕ್ಕಿನಲ್ಲಿ 'ನನಗೆ ಹೊಟ್ಟೆಕಿಚ್ಚಿಲ್ಲ' ಎಂದು ಇಪ್ಪತ್ತು ಸಲ ಬರೆದೆ. "ಋಷಿಗಳಿಗೆ ಜನ್ಮ ಬೇಕಾತು, ನನಗ ಮೂರು ತಿಂಗಳು ಸಾಕಾತು" ಎಂದು ಶನಿವಾರ ಕೊಚ್ಚಿಕೊಂಡೆ. ಅವನು ಮಾತ್ರ, "ನೀವು ಆಕಿ ಜೋಡಿ ನಗೂದು ಕೇಳಿದ್ರ ಒಮ್ಮೊಮ್ಮೆ ಸಂಕಟ ಆಗ್ತೈತ್ರಿ" ಎಂದು ತಲೆ ತಗ್ಗಿಸಿ ಹೇಳುತ್ತಿದ್ದ. ಆಕೆ ಅವನ ಕೈ ಹಿಡಿಯುತ್ತಿದ್ದಳು. ನೋವಿಲ್ಲವೆಂದ ನನ್ನ ಕೈಯಲ್ಲಿ ಉಸ್ಮಾನಿಯಾ ಬಿಸ್ಕತ್ತಿರುತ್ತಿತ್ತು.

ಒಂದು ದಿನ ಆಕೆ ಸ್ನಾನಕ್ಕೆ ಹೋದಾಗ, ಗುರುವಾರದ 'ಉ' ಅಳಿಸಿ 'ಮ' ಬರೆದೆ, ಶುಕ್ರವಾರದ 'ಮ' ಅಳಿಸಿ 'ಉ' ಬರೆದೆ. ಅವನು ದಾರಿ ಕಾದು ಸುಸ್ತಾಗಲಿ, ಶನಿವಾರ ನಗಬಹುದು ಎಂದುಕೊಂಡೆ. ಆ ಗುರುವಾರ ಅವನ ಕಣ್ಣಿನ ಪೊರೆಯ ಆಪರೇಷನ್ ಇತ್ತೆಂಬುದು ನನಗೆ ಗೊತ್ತಿರಲಿಲ್ಲ. ಅವನ ಜೊತೆ ಆಸ್ಪತ್ರೆಗೆ ಹೋಗುವ ದಿನ ತಪ್ಪಬಾರದೆಂದೇ ಆಕೆ ಅಲ್ಲಿ ಆ 'ಉ' ಬರೆದಿಟ್ಟಿದ್ದಳು. ಗುರುವಾರ ಗೋಡೆಯ ಕ್ಯಾಲೆಂಡರು ನೋಡಿ, ಆಸ್ಪತ್ರೆ ನಾಳೆಯೆಂದುಕೊಂಡು, ನಮ್ಮ ಮನೆಗೆ ಬಂದಳು.

ಬ್ಯಾಗಿನೊಳಗೆ ಫೋನು ಬಡಿದುಕೊಂಡಿತು. ಮತ್ತೆ ಬಡಿದುಕೊಂಡಿತು.

"ಎತ್ತಂಗಿಲ್ಲ," ಎಂದಳು. "ಇವತ್ತು ನಿಮ್ಮ ದಿನ."

ಎತ್ತು ಎನ್ನಬಹುದಿತ್ತು. ನಾನು ಸ್ಟೇಷನ್ ಮಾಸ್ತರನ ಹಳೆಯ ಕಥೆಯನ್ನು ಗಟ್ಟಿ ದನಿಯಲ್ಲಿ ಶುರುಮಾಡಿದೆ.

ಜೊತೆಗೆ ಯಾರೂ ಇಲ್ಲವೆಂದು ಆಸ್ಪತ್ರೆಯವರು ಆಪರೇಷನ್ ಮಾಡದೆ ಅವನನ್ನು ಕಳಿಸಿದ್ದರು. ಕಣ್ಣಿಗೆ ಹಾಕಿದ ಔಷಧದಿಂದ ಎಲ್ಲ ಮಂಜಾಗಿ, ಗೋಡೆ ತಡವಿಕೊಂಡು ಮೆಟ್ಟಿಲಿಳಿದನಂತೆ.

ಶನಿವಾರ ಆಕೆ ಕ್ಯಾಲೆಂಡರಿನ ಹಾಳೆಯನ್ನೇ ಹರಿದು ತಂದು ಚಹಾದ ಮುಂದೆ ಹಾಸಿದಳು. "ಈ 'ಮ' ನನ್ನ ಅಕ್ಷರ ಅಲ್ಲ."

"ಚೇಷ್ಟಿ ಮಾಡಿದ್ನಿ," ಎಂದು ನಕ್ಕೆ. ಯಾರೂ ನಗಲಿಲ್ಲ.

"ನಾನು ಹನ್ನೊಂದು ಸಲ ಫೋನ್ ಮಾಡಿದ್ನಿರಿ," ಎಂದ ಅವನು. ಬೈಯಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆನೋ ಏನೋ.

ಆಗ ನನ್ನ ಬಾಯಿಂದ ಅದು ಬಂತು. "ನನಗ ಹೊಟ್ಟಿ ಉರೀತೈತಿ. ಮೊದಲನೇ ದಿನದಿಂದ ಉರಿಯಾಕತ್ತೈತಿ. ನೀ ಉಪ್ಪಲ್‌ಗೆ ಹೋದ ದಿನ ನನಗ ಊಟ ಸೇರೂದಿಲ್ಲ."

ಆಕೆ ನನ್ನ ಮುಖವನ್ನೇ ನೋಡಿದಳು, ನಾನು ಎಲ್ಲಿ ನಗುತ್ತೇನೆಂದು ಕಾಯುವಂತೆ. "ಇದೂ ಚೇಷ್ಟೀನೇನ್ರಿ? ನನಗ ಇನ್ನ ತಿಳಿಯಂಗಿಲ್ಲ," ಎಂದಳು. ಹಾಳೆ ಮಡಚಿಕೊಂಡು, ಅವನ ತೋಳು ಹಿಡಿದು, ರಸ್ತೆ ದಾಟಿಸಿದಳು.

ಆಮೇಲೆ ಆಕೆ ಬರಲಿಲ್ಲ. ನಾನು ಹೋದರೆ ಬಾಗಿಲಲ್ಲೇ ನೀರು ಕೊಟ್ಟು ಕಳಿಸಿದಳು. ನೋಟ್‌ಬುಕ್ಕಿನಲ್ಲಿ ಬರೆಯಲು ಈಗ ವಾಕ್ಯವೇ ಹೊಳೆಯುವುದಿಲ್ಲ.

ಕಟ್ಟೆಯ ಗೆಳೆಯರು, "ಏನೋ ಮುದುಕ, ನಿನ್ನ ಟೀಚರು ಎಲ್ಲಿ?" ಎಂದು ಕೆಣಕುತ್ತಾರೆ.

"ಬ್ಯಾಸರಾತು, ನಾನೇ ಬಿಟ್ಟೆ," ಎನ್ನುತ್ತೇನೆ.

ಕೈತಟ್ಟಿ ನಗುತ್ತಾರೆ. ಆ ಸುಳ್ಳನ್ನು ಮಾತ್ರ ಒಂದೇ ಸಲಕ್ಕೆ ನಂಬುತ್ತಾರೆ.