ಕರಿಯನ ಬಾಯಿಗೆ ಹುಲುಗಮ್ಮನ ಬೆರಳು

ಹುಲುಗಮ್ಮನಿಗೆ ನಾಯಿ ಎಂದರೆ ಭಯ. ಹಚ್ಚೊಳ್ಳಿಯಲ್ಲಿ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಕಾಲುವೆ ದಂಡೆಯ ಮೇಲೆ ಒಂದು ನಾಯಿ ಅವಳ ಮುಂಗೈಗೆ ಬಾಯಿ ಹಾಕಿತ್ತು. ಮದುವೆಯಾಗಿ ಬಳ್ಳಾರಿಯ ಸತ್ಯನಾರಾಯಣಪೇಟೆಗೆ ಬಂದು, ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಹಾಕಿಕೊಂಡು, ಬ್ಲೌಸ್ ಹೊಲಿಯುವುದರಲ್ಲಿ ಹೆಸರು ಮಾಡಿದ ಮೇಲೂ, ಓಣಿಯಲ್ಲಿ ನಾಯಿ ಎದುರಾದರೆ ಸುತ್ತು ಬಳಸಿ ಹೋಗುತ್ತಿದ್ದಳು.

ಅಂಥವಳ ಮನೆಗೆ ತಮ್ಮ ಪಂಪಣ್ಣ ತನ್ನ ನಾಯಿ ಕರಿಯನನ್ನು ತಂದು ಬಿಟ್ಟ. ಅವನು ಭತ್ತ ಕೊಯ್ಯುವ ಮಿಷನ್ನಿನ ಡ್ರೈವರ್. ಸಿರುಗುಪ್ಪದ ಸುಗ್ಗಿ ಮುಗಿದರೆ ತೆಲಂಗಾಣದ ಕಡೆ ಹೊರಡುವವನು.

"ನಾ ಬರೋತನ ನೋಡ್ಕಾ ಅಕ್ಕಾ. ಬಾಳ ಸಾಧು ಐತಿ," ಎಂದು ಹೇಳಿ ಹೋದ.

ಕರಿಯ ಸಾಧುವೇ. ಆದರೆ ಹತ್ತಿರ ಬಂದರೆ ಬಾಯಿ ನಾರುತ್ತಿತ್ತು. ಬ್ರೂಸ್‌ಪೇಟೆಯ ಕಾಳಿನ ಅಂಗಡಿಯಲ್ಲಿ ಕೆಲಸ ಮುಗಿಸಿ ಬರುತ್ತಿದ್ದ ಗಂಡ ಸುಂಕಣ್ಣ ಮೂಗು ಮುಚ್ಚಿಕೊಂಡು, "ಇದನ್ನ ಹಿತ್ತಲದಾಗ ಕಟ್ಟು," ಎಂದು ಅದರ ಹಾಸಿಗೆಯನ್ನೂ ಅಲ್ಲಿಗೇ ಹಾಕಿಸಿದ. ಒಂದು ಬೆಳಿಗ್ಗೆ ಕರಿಯ ರೊಟ್ಟಿಯ ಚೂರನ್ನು ಕಚ್ಚಿ, ಕುಂಯ್ ಎಂದು ಕೆಳಗೆ ಬಿಟ್ಟಿತು. ಮುಂಗಾಲಿನಿಂದ ದವಡೆ ಉಜ್ಜಿಕೊಂಡಿತು. ರೊಟ್ಟಿಗೆ ರಕ್ತ ಅಂಟಿತ್ತು. ಹುಲುಗಮ್ಮ ಒಮ್ಮೆ ಹಲ್ಲುನೋವಿನಿಂದ ಗೋಡೆಗೆ ತಲೆ ಚಚ್ಚಿಕೊಳ್ಳುವಷ್ಟು ಒದ್ದಾಡಿದವಳು. ಅವಳಿಗೆ ತಡೆಯಲಾಗಲಿಲ್ಲ.

"ಆಟೋ ಕರೀರಿ," ಎಂದಳು ಗಂಡನಿಗೆ.

ಪಶುವೈದ್ಯೆ ನಂದಿನಿ ಕರಿಯನ ತುಟಿ ಎತ್ತಿ ತೋರಿಸಿದರು. ಹಲ್ಲಿನ ಬುಡದಲ್ಲಿ ಕಂದು ಬಣ್ಣದ ಪಾಚಿ ಗಾರೆಯಂತೆ ಕಟ್ಟಿತ್ತು, ವಸಡು ಕೆಂಪಗೆ ಊದಿತ್ತು. ಅರಿವಳಿಕೆ ಕೊಟ್ಟು ಹಲ್ಲೆಲ್ಲ ಸ್ವಚ್ಛ ಮಾಡಿ, ಹುಳುಕಾದ ಎರಡು ದವಡೆ ಹಲ್ಲು ಕಿತ್ತರು.

"ಉಳಿದಾವು ಉಳೀಬೇಕಂದ್ರ ಮನ್ಯಾಗ ದಿನಾ ತಿಕ್ಕಬೇಕ್ರಿ. ಗಾಯ ಆರಿದ ಮ್ಯಾಲೆ ಶುರು ಮಾಡ್ರಿ. ನಮ್ಮ ಪೇಸ್ಟ್ ಮಾತ್ರ ಬ್ಯಾಡ. ನಾಯಿಗೆ ಉಗುಳಾಕ ಬರಂಗಿಲ್ಲ, ನುಂಗಿದ್ರ ಅದಕ್ಕ ತ್ರಾಸ. ನಾಯಿಗಂತನ ಬ್ಯಾರೆ ಪೇಸ್ಟ್ ಬರತೈತಿ."

"ಯಾರು ತಿಕ್ಕೋದ್ರಿ ಡಾಕ್ಟ್ರೇ?"

"ನೀವ ರೀ."

ಗಾಯ ಆರಿದ ಮೇಲೆ ಹುಲುಗಮ್ಮ ಬ್ರಷ್ ಹಿಡಿದು ಕೂತಳು. ಕರಿಯ ಗುರ್ ಎಂದಿತು. ಅವಳು ಬ್ರಷ್ ಬಿಸಾಕಿ ಅಡುಗೆಮನೆಗೆ ಓಡಿ ಬಾಗಿಲು ಹಾಕಿಕೊಂಡಳು. ಸುಂಕಣ್ಣ ನಕ್ಕ. ಒಳಗೆ ಅವಳು ಹಿಂದೆ ನಾಯಿ ಕಚ್ಚಿದ್ದ ಮುಂಗೈ ಹಿಡಿದುಕೊಂಡು ಅತ್ತಳು.

ಮರುದಿನ ಡಾಕ್ಟರಿಗೆ ಫೋನ್ ಮಾಡಿದಳು. ಅವಸರ ಮಾಡಬೇಡಿ, ಮೊದಲು ಬೆರಳಿನ ರುಚಿ ಹತ್ತಿಸಿ ಎಂದರು ಅವರು. ಹುಲುಗಮ್ಮ ಉಪ್ಪು, ಖಾರ, ಉಳ್ಳಾಗಡ್ಡಿ ಏನೂ ಹಾಕದೆ ಕೋಳಿ ಬೇಯಿಸಿ, ಆ ನೀರಿನಲ್ಲಿ ಬೆರಳು ಅದ್ದಿ ಚಾಚಿದಳು. ಕಣ್ಣು ಮುಚ್ಚಿಕೊಂಡೇ ಚಾಚಿದ್ದು. ಬೆಚ್ಚನೆಯ ನಾಲಿಗೆ ಬೆರಳನ್ನು ನೆಕ್ಕಿತು. ಅಷ್ಟೇ ಅವತ್ತಿನ ಕೆಲಸ. ಹಾಗೇ ಒಂದು ವಾರ ನೆಕ್ಕಿಸಿದ ಮೇಲೆ ತುಟಿ ಎತ್ತಲು ಬಿಟ್ಟಿತು.

ಗಡಸು ಬ್ರಷ್ ಕಂಡರೆ ಮಾತ್ರ ಕರಿಯ ಮುಖ ತಿರುಗಿಸುತ್ತಿತ್ತು. ಆಗ ಅವಳ ಹೊಲಿಗೆಯ ಬುದ್ಧಿ ಓಡಿತು. ಹಳೆಯ ಮೆತ್ತನೆಯ ಮಲ್‌ಮಲ್ ಬಟ್ಟೆಯಲ್ಲಿ ಬೆರಳಿಗೆ ಸರಿಯಾಗಿ ಕೂರುವ ಟೋಪಿ ಹೊಲಿದಳು. ಹೊಲಿಗೆ ವಸಡಿಗೆ ತಾಗದಂತೆ ಒಳಮಗ್ಗುಲಿಗೆ ಬಿಟ್ಟಳು. ಅದಕ್ಕೆ ನಾಯಿಯ ಪೇಸ್ಟ್ ಹಚ್ಚಿ, ಹಲ್ಲಿನ ಹೊರಗಡೆ ಮೆಲ್ಲಗೆ ಉಜ್ಜಿದಳು. ಹಿಂದಿನ ದವಡೆಯವರೆಗೆ ಬೆರಳು ಹೋಯಿತು! ಕರಿಯ ಬಾಲ ಅಲ್ಲಾಡಿಸುತ್ತ ಕೂತಿತ್ತು.

"ಏನ್ರೀ, ಬರ್ರಿ ಇಲ್ಲಿ! ಒಳಗೈತಿ ನೋಡ್ರಿ ಬೆರಳು!" ಎಂದು ಕೂಗಿದ ಕೂಗಿಗೆ ಬ್ಲೌಸ್ ಅಳತೆ ಕೊಡಲು ಬಂದವರೂ ಇಣುಕಿದರು. ಸುಂಕಣ್ಣ ಬಾಗಿಲಲ್ಲೇ ನಿಂತ. ಅವತ್ತು ನಗಲಿಲ್ಲ. ಸಂಜೆ ಕರಿಯನ ಹಾಸಿಗೆಯನ್ನು ಅವನೇ ಹಿತ್ತಲಿನಿಂದ ಪಡಸಾಲೆಗೆ ತಂದು ಹಾಸಿದ.

ಮುಂದೆ ರೇಬಿಸ್ ಲಸಿಕೆಗೆಂದು ಹೋದಾಗ ನಂದಿನಿ ತುಟಿ ಎತ್ತಿ ನೋಡಿ, ನಾಯಿ ತಂದು ಕಾಯುತ್ತಿದ್ದವರನ್ನೆಲ್ಲ ಕರೆದರು. ಹಲ್ಲು ಬೆಳ್ಳಗೆ, ವಸಡು ಗುಲಾಬಿ. "ಇವರ ಮನ್ಯಾಗ ದಿನಾ ತಿಕ್ಕತಾರ. ಹೆಂಗಂತ ತೋರಿಸ್ರಿ ಅಮ್ಮಾ," ಎಂದರು. ಹುಲುಗಮ್ಮ ಅಷ್ಟು ಜನರ ನಡುವೆ, ಅಷ್ಟು ನಾಯಿಗಳ ನಡುವೆ ನೆಲದ ಮೇಲೆ ಕೂತು ತೋರಿಸಿದಳು. ಕುರುಗೋಡಿನಿಂದ ನಾಯಿ ತಂದಿದ್ದ ಮೀನಾಕ್ಷಿ ಎಂಬಾಕೆ, "ನನಗೂ ಒಂದು ಟೋಪಿ ಹೊಲಕೊಡ್ರೀ," ಎಂದು ಬೆನ್ನು ಬಿದ್ದಳು.

ಸುಗ್ಗಿ ಮುಗಿಸಿ ಬಂದ ಪಂಪಣ್ಣ, ಕರಿಯ ಕಟಕಟ ರೊಟ್ಟಿ ಕಡಿಯುವುದನ್ನು ಬೆರಗಾಗಿ ನೋಡಿದ.

"ನಡಿಯಲೇ ಕರಿಯಾ, ಊರಿಗೆ ಹೋಗಾನು."

"ತಡಿ," ಎಂದಳು ಹುಲುಗಮ್ಮ. ಬಟ್ಟೆಯ ಟೋಪಿಯನ್ನು ತಮ್ಮನ ಬೆರಳಿಗೆ ತೊಡಿಸಿದಳು. "ಮೊದಲು ತಿಕ್ಕಾಕ ಕಲಿ. ಕಲಿಯೋತನ ನಾಯಿ ಇಲ್ಲೇ ಇರತೈತಿ."

ಪಂಪಣ್ಣ ಅಕ್ಕನ ಪಕ್ಕ ನೆಲದ ಮೇಲೆ ಕೂತು ಬೆರಳು ಚಾಚಿದ. ಕರಿಯ ಅದನ್ನೊಮ್ಮೆ ಮೂಸಿ ನೋಡಿ, ಎದ್ದು ಬಂದು ಹುಲುಗಮ್ಮನ ಮಡಿಲಲ್ಲಿ ತಲೆ ಇಟ್ಟಿತು.