ಹಗ್ಗದ ಮುಂದಿನ ತುದಿ

ಅವರ ಬಲಗೈಯ ನಾಲ್ಕು ಬೆರಳುಗಳೂ ಮೊದಲ ಗೆಣ್ಣಿಗೇ ಮುಗಿಯುತ್ತಿದ್ದವು. ತುದಿಯ ಚರ್ಮ ಸದಾ ಹೊಳೆಯುತ್ತಿತ್ತು, ಚಳಿಗೆ ನೀಲಿಗಟ್ಟುತ್ತಿತ್ತು. ಕಾಫಿ ಲೋಟವನ್ನು ಹೆಬ್ಬೆರಳಿಗೂ ಅಂಗೈಗೂ ನಡುವೆ ಒತ್ತಿ ಹಿಡಿಯುತ್ತಿದ್ದರು. ಆ ಬೆರಳುಗಳು ಹೋದದ್ದು ಹೇಗೆಂದು ಹೇಳಬೇಕಾದವನು ನಾನು. ಇಷ್ಟು ವರ್ಷ ನಾಳೆ ನಾಳೆ ಎಂದು ಮುಂದೂಡಿದೆ. ಹೆಸರು ಬರೆಯುವುದಿಲ್ಲ; ಅದನ್ನು ಒಮ್ಮೆ ಕೆಡಿಸಿದ್ದೇ ಸಾಕು. ಹವಾಲ್ದಾರ್ ಎನ್ನುತ್ತೇನೆ.

ನಾವಿಬ್ಬರೂ ಮಾದಾಪುರದ ಕಡೆಯವರು. ಎಸ್ಸೆಸ್ಸೆಲ್ಸಿ ಮುಗಿಸಿ ಸೈನ್ಯ ಸೇರಿದ ನನ್ನನ್ನು ಹಿಮಾಲಯದ ಗಡಿ ಬೆಟ್ಟವೊಂದಕ್ಕೆ ಹಾಕಿದಾಗ ಅವರು ಅಲ್ಲಿದ್ದರು. ಬೆಟ್ಟ ಹತ್ತುವಾಗ ಇಬ್ಬರ ಸೊಂಟಕ್ಕೂ ಒಂದೇ ಹಗ್ಗ; ಮುಂದಿನ ತುದಿಗೆ ಅವರು, ಹಿಂದಿನ ತುದಿಗೆ ನಾನು. ಬೆಟ್ಟದ ನೆತ್ತಿಯೇ ಗಡಿ. "ಈ ಕಡೆ ಕರಗಿದ ನೀರು ನಮ್ಮದು, ಆ ಕಡೆ ಇಳಿದದ್ದು ಅವರದು. ನಮ್ಮಲ್ಲೂ ಹಾಗೇ ಅಲ್ವೇನೋ, ಒಂದು ಮಗ್ಗುಲಿನ ಮಳೆ ಕಾವೇರಿಗೆ, ಇನ್ನೊಂದರದು ಪಡುವಣ ಕಡಲಿಗೆ" ಎನ್ನುತ್ತಿದ್ದರು.

ನಮ್ಮೂರಿನ ಬಂಡೆ ಇಡಿಯಾದದ್ದು. ಅಲ್ಲಿನ ಕಲ್ಲು ಪದರ ಪದರ, ಹಿಡಿದರೆ ಕೈಗೇ ಕಿತ್ತು ಬರುತ್ತಿತ್ತು. ಒಮ್ಮೆ ಪದರದೊಳಗೆ ಚಿಪ್ಪಿನ ಗುರುತು ತೋರಿಸಿ, "ಇದು ಸಮುದ್ರದ ತಳ ಆಗಿತ್ತಂತೆ, ತಮ್ಮ. ಬೀಚಿಗೆ ಬಂದಿದ್ದೀವಿ ಅಂದ್ಕೊ, ಚಡ್ಡಿ ತರಲಿಲ್ಲ ಅಷ್ಟೇ" ಎಂದರು. ಕಲ್ಲನ್ನು ತಟ್ಟಿ, ಸದ್ದು ಕೇಳಿ, ಆಮೇಲೆ ಕಾಲಿಡುತ್ತಿದ್ದರು. ತಮ್ಮ ಪಾಲಿನ ರಮ್ಮನ್ನು ಮುಟ್ಟದೆ ನಮಗೆ ಹಂಚುತ್ತಿದ್ದರು.

ಕೈಗವಸಿಗೆ ದಾರ ಹೊಲಿದು ಮಣಿಕಟ್ಟಿಗೆ ಕಟ್ಟಿಕೊಳ್ಳಬೇಕು ಎನ್ನುವುದು ಅವರ ಕಟ್ಟಪ್ಪಣೆ. ಇದೇನು ಅಂಗನವಾಡಿಯೇ ಎಂದು ನಾನು ನನ್ನದನ್ನು ಕತ್ತರಿಸಿದ್ದೆ. ಒಂದು ದಿನ ನೆತ್ತಿಯ ಮೇಲೆ, ಬೂಟಿನ ಪಟ್ಟಿ ಬಿಗಿಯಲು ಬಲಗೈ ಗವಸು ತೆಗೆದೆ. ಗಾಳಿ ಅದನ್ನು ಎತ್ತಿ ಆಚೆಯ ದೇಶಕ್ಕೆ ಹಾಕಿತು. ಹವಾಲ್ದಾರ್ ಬೈಯಲಿಲ್ಲ. ತಮ್ಮದನ್ನು ಬಿಚ್ಚಿ ನನಗೆ ತೊಡಿಸಿದರು. ತಾವು ಕೈಗೆ ಕಾಲುಚೀಲ ಸುತ್ತಿಕೊಂಡು, ಹಗ್ಗ ಹಿಡಿದು ನನ್ನನ್ನು ಕೆಳಗಿಳಿಸಿದರು.

ಹಿಮ ಕಚ್ಚಿ ಕಪ್ಪಾದ ಬೆರಳುಗಳನ್ನು ಕತ್ತರಿಸಿದರು; ಅವರು ಇನ್ನೂ ಆಸ್ಪತ್ರೆಯಲ್ಲಿರುವಾಗ ನಾನು ರಜೆಗೆ ಊರಿಗೆ ಬಂದೆ. ಹೋಟೆಲಿನಲ್ಲಿ ಎಲ್ಲರೂ ಕೇಳಿದರು. ನನ್ನ ಗವಸಿನ ಮಾತು ಬಾಯಿಗೆ ಬರಲಿಲ್ಲ. "ರಮ್ ಸ್ವಲ್ಪ ಜಾಸ್ತಿಯಾಗಿತ್ತು, ಗವಸು ಎಲ್ಲೋ ಬಿಟ್ಟಿದ್ರು" ಅಂದೆ. ನಕ್ಕರು. ಅವರು ಬಸ್ಸಿಳಿಯುವ ಮೊದಲೇ ಆ ಸುಳ್ಳು ಊರು ಸುತ್ತಿತ್ತು.

ನಿವೃತ್ತರಾದ ಮೇಲೆ ಅವರಿಗೆ ಇದ್ದದ್ದು ಒಂದೇ ಆಸೆ. ಊರಿನ ಹೈಸ್ಕೂಲಿನ ಮಕ್ಕಳನ್ನು ಹತ್ತಿರದ ಕೋಟೆಬೆಟ್ಟಕ್ಕೆ ಕರೆದೊಯ್ದು ಬಂಡೆ ಹತ್ತುವುದನ್ನು ಕಲಿಸಬೇಕು. ಸಂಬಳ ಬೇಡ ಎಂದರು, ಹೊಸ ಹಗ್ಗವನ್ನೂ ತಾವೇ ತಂದರು. ಶಾಲೆಯ ಸಮಿತಿ ಸಭೆ ಸೇರಿತು, ಊರಿನಲ್ಲಿದ್ದ ನನ್ನನ್ನೂ ಕರೆದಿದ್ದರು. ಹವಾಲ್ದಾರ್ ಹೊರಗೆ ಜಗಲಿಯಲ್ಲಿ ಕೂತಿದ್ದರು.

"ಕುಡುಕನ ಕೈಗೆ ಮಕ್ಕಳನ್ನ ಕೊಡೋದಾ?" ಎಂದರು ಒಬ್ಬರು.

"ಕೈಯಾದ್ರೂ ಎಲ್ಲಿದೆ ಮಾರಾಯ?" ಎಂದು ಇನ್ನೊಬ್ಬರು ನಗಿಸಿದರು.

ಅಧ್ಯಕ್ಷರು ನನ್ನ ಕಡೆ ತಿರುಗಿದರು. "ನೀನು ಜೊತೆಗಿದ್ದವನಪ್ಪ. ನೀನು ಹೂಂ ಅಂದ್ರೆ ಕಳಿಸ್ತೀವಿ."

"ಮಕ್ಕಳ ವಿಷಯ. ನೀವೇ ಯೋಚನೆ ಮಾಡಿ" ಅಂದೆ.

ಕಿಟಕಿ ತೆರೆದೇ ಇತ್ತು. ನಾನು ಹೊರಗೆ ಬಂದಾಗ ಅವರು, "ಮಳೆ ಬರೋ ಹಾಗಿದೆ, ಬೇಗ ಮನೆ ಸೇರ್ಕೊ" ಎಂದರು.

ಆಮೇಲೆ ಭಾನುವಾರಗಳಲ್ಲಿ ಒಬ್ಬರೇ ಕೋಟೆಬೆಟ್ಟ ಹತ್ತುತ್ತಿದ್ದರು, ಹೆಗಲಲ್ಲಿ ಆ ಹಗ್ಗ. ಒಬ್ಬಂಟಿಗೆ ಹಗ್ಗದಿಂದ ಏನು ಪ್ರಯೋಜನ? ಈಗ ಅಲ್ಲಿಗೆ ಜೀಪಿನಲ್ಲಿ ಹುಡುಗರು ಬರುತ್ತಾರೆ, ಕೂಗಾಡುತ್ತಾರೆ. ಆ ಗದ್ದಲದೊಳಗೂ ನನಗೆ ಕಲ್ಲು ತಟ್ಟುವ ಸದ್ದು ಕೇಳುತ್ತದೆ. ತಿರುಗಿ ನೋಡುವ ಧೈರ್ಯವಾಗುವುದಿಲ್ಲ.

ಅವರು ಹಾಸಿಗೆ ಹಿಡಿದಾಗ, ಹೇಳಿಬಿಡಬೇಕೆಂದೇ ಹೋದೆ. ನಾನು ಬಾಯಿ ತೆರೆಯುವ ಮೊದಲು ಅವರು ಹೆಂಡತಿಯನ್ನು ಕರೆದು, "ಇವನಿಗೆ ಕಾಫಿ ಕೊಡು. ನನ್ನ ಹಗ್ಗದಲ್ಲಿದ್ದವನು" ಎಂದರು. ಕಾಫಿ ಕುಡಿದು ಬಂದೆ. ಆ ವಾರವೇ ಹೋದರು.

ಪ್ರತಿ ವರ್ಷ ತಿಥಿಗೆ ಅವರ ಹೆಂಡತಿ ಫೋನ್ ಮಾಡಿ ಕರೆಯುತ್ತಾರೆ. ಹವಾಲ್ದಾರರ ಅಣ್ಣತಮ್ಮಂದಿರು ಕಾಯುತ್ತಿದ್ದರೂ ಮೊದಲ ಎಲೆ ನನಗೇ ಹಾಕುತ್ತಾರೆ. ಬಡಿಸುತ್ತಾ, "ಅವರು ಕುಡಿದು ಕೈ ಕಳ್ಕೊಂಡ್ರೂ ನೀವು ಅವರನ್ನ ಬಿಡಲಿಲ್ಲವಲ್ಲ" ಎನ್ನುತ್ತಾರೆ.

ನಾನು ತಲೆ ತಗ್ಗಿಸಿ ಉಣ್ಣುತ್ತೇನೆ.