ಅವಳ ಮೊಬೈಲಿಗೆ ಬರುವ ಓಟಿಪಿ

ನನ್ನ ಹೆಂಡತಿ ತೀರಿಕೊಂಡ ಮೇಲೂ ಅವಳ ಮೊಬೈಲಿಗೆ ಸರ್ಕಾರದ ಓಟಿಪಿ ಬರುವುದು ನಿಲ್ಲಲಿಲ್ಲ. ಓಟಿಪಿ ಊರಿನವರದು, ಮೊಬೈಲು ಮಾತ್ರ ಅವಳದು.

ಶಿಕಾರಿಪುರದ ನಮ್ಮ ಓಣಿಯಲ್ಲಿ ಯಾರೇ ಅರ್ಜಿ ಹಾಕಲಿ, ನಂಬರ್ ಕೇಳಿದ ಕಡೆ ಇವಳ ನಂಬರನ್ನೇ ಬರೆಸಿಬಿಡುತ್ತಿದ್ದರು. ಕೆಲವರಿಗೆ ಮೊಬೈಲಿರಲಿಲ್ಲ, ಇದ್ದವರಿಗೆ ಕರೆನ್ಸಿ ಇರಲಿಲ್ಲ. ಇವಳಾದರೆ ಎತ್ತುತ್ತಾಳೆ, ಓದಿ ಹೇಳುತ್ತಾಳೆ, ಬೈಯುವುದಿಲ್ಲ. ಹೀಗೆ ಎದುರು ಮನೆ ಅಜ್ಜಿಯ ಪಿಂಚಣಿ, ಈಸೂರಿನಿಂದ ಹಾಲು ತರುವಾಕೆಯ ರೇಷನ್ ಕಾರ್ಡು, ಸೊರಬದಾಚೆ ಗುಡವಿ ಕಡೆಯ ಅವಳ ತವರಿನ ಅರ್ಧ ಊರಿನ ಅರ್ಜಿಗಳು, ಎಲ್ಲವೂ ನಮ್ಮ ಅಡುಗೆಮನೆ ಕಿಟಕಿಯಲ್ಲಿ ಉಪ್ಪಿನ ಡಬ್ಬಿಗೆ ಒರಗಿ ನಿಂತಿದ್ದ ಆ ಮೊಬೈಲಿಗೆ ಬಂದು ಬೀಳುತ್ತಿದ್ದವು.

ನಾನೋ, ಬಸ್‌ಸ್ಟ್ಯಾಂಡಿನಿಂದ ವಾಪಸು ಬಂದು ಮನೆಯ ಬೀಗ ಜಗ್ಗಿ ನೋಡುವ ಜಾತಿ.

"ಯಾರಿಗೂ ಹೇಳಬ್ಯಾಡ್ರಿ ಅಂತ ಅದ್ರಾಗೇ ಬರ್ದಿರ್ತಾರೆ ಕಣೇ. ನಾಳೆ ಪೊಲೀಸರು ಬಂದ್ರೆ?"

"ಬರ್ಲಿ ಬಿಡಿ ಮಾರಾಯ್ರೆ. ಅವರದ್ದೂ ಎಂಥದೋ ಅರ್ಜಿ ಬಾಕಿ ಇರ್ತದೆ" ಎನ್ನುತ್ತಿದ್ದಳು.

ಜ್ವರವೆಂದು ಮಲಗಿದವಳು ಏಳಲಿಲ್ಲ. ಕಾರ್ಯದ ಊಟಕ್ಕೆ ಎಲೆ ಹಾಕುತ್ತಿದ್ದಾಗ ಕಿಟಕಿಯ ಮೊಬೈಲು ಹೊಡೆದುಕೊಂಡಿತು. ಹಾಲಿನಾಕೆ.

"ಅಣ್ಣಾರ, ತಪ್ಪು ತಿಳ್ಕಬ್ಯಾಡ್ರಿ. ಅರ್ಜಿ ಹಾಕೋ ಸೆಂಟರ್‌ನ್ಯಾಗ ನಿಂತೀನಿ. ನಂಬರ್ ಬಂದೈತೇನ್ರಿ?"

ಬಂದಿತ್ತು. ಓದಿ ಹೇಳಿದೆ. ಬೆಳಗಿನಿಂದ ಬಂದವರ ಜೊತೆ ಒಂದು ಮಾತೂ ಆಡಲಾಗದ ನನ್ನ ಗಂಟಲಿನಿಂದ ಆರು ಅಂಕಿ ಸಲೀಸಾಗಿ ಹೊರಟವು. ಅಂದಿನಿಂದ ಆ ಮೊಬೈಲನ್ನು ನಾನೇ ಚಾರ್ಜಿಗಿಟ್ಟೆ, ನಾನೇ ರೀಚಾರ್ಜ್ ಮಾಡಿಸಿದೆ. ಅವಳನ್ನು ಯಾರೋ ಕೇಳಿಕೊಂಡು ಬರುತ್ತಿದ್ದಾರೆ ಎನ್ನುವಂತೆ ಅದು ಬಡಿದುಕೊಳ್ಳುತ್ತಿತ್ತಲ್ಲ, ನನಗೆ ಅಷ್ಟು ಸಾಕಾಗಿತ್ತು.

ನಮ್ಮ ಶಿಕಾರಿಪುರದವರು "ಜಲ್ದಿ ಹೇಳ್ರಿ" ಎಂದು ನಂಬರು ಕಸಿದುಕೊಂಡು ಇಟ್ಟುಬಿಡುತ್ತಾರೆ. ಸೊರಬದ ಕಡೆಯವರದು ಬೇರೆ ಶಾಸ್ತ್ರ. ಕಾಫಿ ಆತಾ, ಮಳೆ ಹ್ಯಾಂಗೆ, ಕಾಲುನೋವು ಕಮ್ಮಿಯಾ ಎಂದೆಲ್ಲ ಕೇಳಿ ಮುಗಿಸದೆ ಕೆಲಸದ ಮಾತೆತ್ತಿದರೆ ಅವರಿಗೆ ಅಪಚಾರ. ಅಷ್ಟರಲ್ಲಿ ಓಟಿಪಿಯ ಆಯುಷ್ಯ ಮುಗಿದಿರುತ್ತದೆ, ಇನ್ನೊಂದು ತರಿಸಬೇಕು. "ಮೊದ್ಲು ನಂಬರು, ಆಮೇಲೆ ಸುದ್ದಿ" ಎಂದು ಇವಳು ತನ್ನ ತವರಿನವರನ್ನು ಗದರುತ್ತಿದ್ದಳು. ನಾನು ಗದರಲಿಲ್ಲ. ಒಂದು ಓಟಿಪಿ ಸತ್ತರೆ ಅವರು ಮತ್ತೆ ಫೋನು ಮಾಡಬೇಕಿತ್ತು.

ಒಮ್ಮೆ ಕಾಲೇಜಿನ ಹುಡುಗಿಯೊಬ್ಬಳು ಯಾವುದೋ ಸರ್ವೆಗೆ ಬಂದಳು. ಆನ್‌ಲೈನ್ ಸರ್ಕಾರಿ ಸೇವೆಯನ್ನು ಮತ್ತೆ ಮತ್ತೆ ಏಕೆ ಬಳಸುತ್ತೀರಿ? ಸುಲಭ, ಸಮಯ ಉಳಿತಾಯ, ನಂಬಿಕೆ, ಇವುಗಳಲ್ಲಿ ಒಂದು ಆರಿಸಬೇಕು. ಊರಿನವರು ನಂಬಿದ್ದು ಅಡುಗೆಮನೆಯಿಂದ ಬರುವ ಒಂದು ದನಿಯನ್ನು. ಅದಕ್ಕೆ ಅಲ್ಲಿ ಜಾಗವಿರಲಿಲ್ಲ. 'ಸುಲಭ' ಎಂದು ಹೇಳಿ ಕಳಿಸಿದೆ.

ಆಮೇಲೆ ಸೆಂಟರಿನವರು ಎಲ್ಲರೂ ಅವರವರ ನಂಬರನ್ನೇ ಜೋಡಿಸಬೇಕು ಎನ್ನತೊಡಗಿದರು. ನ್ಯಾಯವೇ. ನನಗೂ ಚಿಂತೆ ಹತ್ತಿತು. ಈ ಸಿಮ್ ನಿಂತರೆ ಜನರ ಪಿಂಚಣಿ, ಅಕ್ಕಿ ಏನಾಗಬೇಕು? ಓಣಿಯಲ್ಲಿ ನಾನೇ ಮನೆಮನೆಗೆ ಹೋಗಿ ಬದಲಾಯಿಸಿಕೊಳ್ಳಿ ಎಂದು ಹೇಳಿಬಂದೆ. ಹಾಲಿನಾಕೆ ಹೊಸ ಮೊಬೈಲು ತಂದು ತೋರಿಸಿದಳು. "ಇನ್ನ ನಿಮಗ ತ್ರಾಸು ಕೊಡಂಗಿಲ್ರೀ ಅಣ್ಣಾರ." ಬಹಳ ಒಳ್ಳೆಯದಾಯಿತಮ್ಮ ಎಂದೆ. ಒಬ್ಬೊಬ್ಬರೇ ಬಿಟ್ಟು ಹೋದರು. ಮೊಬೈಲಿಗೆ ಕಂಪನಿಯವರ ಮೆಸೇಜು ಬಿಟ್ಟರೆ ಬೇರೇನೂ ಬರದಂತಾಯಿತು.

ಕೊನೆಗೆ ಉಳಿದವರು ಅತ್ತೆ, ಅವಳ ತಾಯಿ. ಪಿಂಚಣಿ ತಪ್ಪಿದರೆ ಎಂಬ ಭಯಕ್ಕೆ ನಾನೇ ಅವರನ್ನು ಸೊರಬದ ಸೆಂಟರಿಗೆ ಕರೆದುಕೊಂಡು ಹೋದೆ.

"ಯಾವ ನಂಬರ್ ಹಾಕ್ಲಿ ಅಜ್ಜಿ?" ಕಂಪ್ಯೂಟರ್ ಮುಂದಿದ್ದ ಹುಡುಗಿ ಕೇಳಿದಳು.

ಹುಟ್ಟಿದ ವರ್ಷ ನೆನಪಿಲ್ಲದ ಅತ್ತೆ ಮಗಳ ನಂಬರನ್ನು ಮಗ್ಗಿಯ ಹಾಗೆ ತಡವರಿಸದೆ ಹೇಳಿದರು.

"ಅದು ಹಳೇದು ಅಜ್ಜಿ. ಹೊಸದು ಹೇಳಿ."

ಅತ್ತೆ ನನ್ನ ಮುಖ ನೋಡಿದರು. ನನ್ನ ನಂಬರು ಹೇಳಿದೆ. ವಾಪಸು ಬರುವಾಗ ಬಸ್ಸಿನಲ್ಲಿ, ರೀಚಾರ್ಜ್ ಇನ್ನು ಯಾರಿಗಾಗಿ ಎಂದು ಯೋಚಿಸಿದೆ. ಆದರೂ ಇಳಿದವನೇ ಮಾಡಿಸಿದೆ.

ಮೊನ್ನೆ ಕಿಟಕಿಯ ಮೊಬೈಲು ಹೊಡೆದುಕೊಂಡಿತು. ಓಡಿದೆ. ಸೆಂಟರಿನ ಹುಡುಗಿಯ ಫೋನಿನಿಂದ ಅತ್ತೆ. ಅವರಿಗೆ ಬಾಯಿಗೆ ಬರುವ ನಂಬರು ಅದೊಂದೇ.

"ಬಂತೇನೇ ನಂಬರು?"



ಅವಳ ಮೊಬೈಲಿಗೆ ಏನೂ ಬಂದಿರಲಿಲ್ಲ. ನನ್ನ ಅಂಗಿಯ ಜೇಬಿನಲ್ಲಿ ನನ್ನದು ಒಮ್ಮೆ ಗುಂಯ್‌ಗುಟ್ಟಿತು. ಅವಳದನ್ನು ಕಿವಿಗೆ ಹಿಡಿದುಕೊಂಡೇ ನನ್ನದನ್ನು ತೆಗೆದೆ. ಆರು ಅಂಕಿ ಕಣ್ಣೆದುರಿಗಿದ್ದವು. ಅವನ್ನು ಓದಿಬಿಟ್ಟರೆ ಅತ್ತೆ ಫೋನು ಇಟ್ಟುಬಿಡುತ್ತಾರೆ.

"ಕಾಫಿ ಆತಾ ಅತ್ತೆ?" ಎಂದು ಕೇಳಿದೆ.